ಗಡಿಯಾಚೆ ಉಳಿದ ಊರು: ರುಮೇನಿಯದ ನಿಸರ್ಗಚಿತ್ರಗಳ ಕಥೆ

ನಮ್ಮಲ್ಲಿ ಬಹುಮಂದಿಯ ಮನೆಯ ಹಜಾರದಲ್ಲಿ ಊರಿನ ಕಡೆಯ ಒಂದು ಚಿತ್ರ ಇದ್ದೇ ಇರುತ್ತದೆ. ಬ್ಯಾಂಕಿನ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಜೋಗವಿರಬಹುದು, ತುಂಗೆಯ ದಂಡೆಯಿರಬಹುದು, ಹೆಸರು ತಿಳಿಯದ ಯಾವುದೋ ಅಡಿಕೆ ತೋಟವಿರಬಹುದು. ಬಾಡಿಗೆ ಮನೆ ಬದಲಾಯಿಸಿದಾಗಲೆಲ್ಲ ಅದು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ನಮ್ಮ ಜೊತೆಗೇ ಬರುತ್ತದೆ. ಅದರಲ್ಲಿ ಏನಿದೆ ಎಂದು ಮಕ್ಕಳು ಕೇಳಿದರೆ ನೀರು, ಕಲ್ಲು, ಮರ ಎಂದಷ್ಟೇ ಹೇಳಲು ನಮಗೆ ಸಾಧ್ಯ. ಆದರೂ ಅದನ್ನು ಗೋಡೆಯಿಂದ ಇಳಿಸಲು ಮನಸ್ಸು ಬಾರದು.

ನಿಸರ್ಗಚಿತ್ರವೆಂದರೆ ನಿರುಪದ್ರವಿ ಎಂಬುದು ಸಾಮಾನ್ಯ ತಿಳಿವಳಿಕೆ. ಯುದ್ಧದ ಚಿತ್ರದಲ್ಲಿ ರಾಜಕೀಯ ಇರಬಹುದು, ರಾಜರ ಚಿತ್ರದಲ್ಲಿ ಇರಬಹುದು. ಒಂದು ಬೆಟ್ಟ, ಒಂದು ದೋಣಿ, ಒಂದು ಬೀದಿಯಲ್ಲಿ ಏನಿದ್ದೀತು? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ನಡುಗಾಲದ ರುಮೇನಿಯ ಕೊಡುವ ಉತ್ತರ ಕುತೂಹಲಕರವಾದುದು. ಅಲ್ಲಿ ಚಿತ್ರಕಾರರು ಪ್ರೀತಿಸಿ ಬರೆದ ಊರೊಂದು ಪಕ್ಕದ ದೇಶದ ಪಾಲಾಯಿತು. ಹೊಲವನ್ನು ಹೇಗೆ ಬರೆಯಬೇಕೆಂಬುದು ಸರಕಾರದ ವಿಷಯವಾಯಿತು. ತನ್ನ ಪಾಡಿಗೆ ಮನೆಯಲ್ಲಿ ಕೂತು ಬರೆದ ವೈದ್ಯನೊಬ್ಬ ಸತ್ತ ಮೇಲೆ ದೇಶದ ದೊಡ್ಡ ಕಲಾವಿದನೆನಿಸಿದ. ಊರು ಬಿಟ್ಟು ಬಂದ ನಮಗೆ ಈ ಕಥೆ ತೀರ ದೂರದ್ದೆಂದು ಅನ್ನಿಸಲಾರದು.

ಮೊದಲಿಗೆ ಸ್ವಲ್ಪ ಹಿನ್ನೆಲೆ. ರುಮೇನಿಯದ ಆಧುನಿಕ ಚಿತ್ರಕಲೆಯ ಪಿತಾಮಹನೆಂದು ಅಲ್ಲಿನವರು ಗೌರವಿಸುವುದು ನಿಕೊಲಾಯೆ ಗ್ರಿಗೊರೆಸ್ಕುವನ್ನು (1838–1907). ಬಾಲ್ಯದಲ್ಲಿ ಸಂತರ ಪಟಗಳನ್ನು ಬರೆದು ಹೊಟ್ಟೆ ಹೊರೆದ ಈತ 1861ರಲ್ಲಿ ಪ್ಯಾರಿಸಿಗೆ ಹೋದ. ಅಲ್ಲಿಗೆ ಸಮೀಪದ ಬಾರ್ಬಿಜೋನ್ ಎಂಬ ಹಳ್ಳಿಯಲ್ಲಿ ಬಯಲಿಗೆ ಬಂದು ಬೆಳಕನ್ನು ನೋಡಿ ಬರೆಯುವ ಕಲಾವಿದರ ಸಂಗ ಬೆಳೆಸಿದ. ಮರಳಿ ಬಂದು ಆತ ಬರೆದದ್ದು ತನ್ನ ನಾಡಿನ ಧೂಳಿನ ದಾರಿಗಳನ್ನು, ಎತ್ತಿನ ಗಾಡಿಗಳನ್ನು, ಕುರಿಗಾಹಿಗಳನ್ನು. 1877ರಲ್ಲಿ ತುರ್ಕಿ ಸಾಮ್ರಾಜ್ಯದ ವಿರುದ್ಧ ನಡೆದ ಸ್ವಾತಂತ್ರ್ಯ ಸಮರದಲ್ಲಿ ಸೈನ್ಯದ ಜೊತೆಗೆ ಹೋಗಿ ಚಿತ್ರ ಬರೆದವನೂ ಈತನೇ. ಹೀಗೆ ದೇಶವೂ ದೇಶದ ದೃಶ್ಯವೂ ಒಬ್ಬನ ಕೈಯಲ್ಲೇ ರೂಪುಗೊಂಡವೆಂದರೆ ತಪ್ಪಾಗದು. ಆತನ ಬಿಳಿ ಎತ್ತುಗಳನ್ನು ನೋಡಿದ ರುಮೇನಿಯನ್ನನಿಗೆ, ತಾನು ಎಂದೂ ಹಳ್ಳಿಯಲ್ಲಿ ಇರದಿದ್ದರೂ, ಇದು ನಮ್ಮದು ಎನ್ನಿಸುತ್ತದೆ.

ಮೊದಲನೆಯ ಮಹಾಯುದ್ಧ ಮುಗಿದಾಗ ರುಮೇನಿಯ ಹಿಂದಿಗಿಂತ ಎರಡು ಪಟ್ಟಿಗೂ ಮಿಗಿಲಾಗಿ ಬೆಳೆದಿತ್ತು. 1914ಕ್ಕೆ ಮೊದಲು ಸುಮಾರು 1,37,000 ಚದರ ಕಿಲೋಮೀಟರ್ ಇದ್ದ ದೇಶ ಈಗ 2,95,000 ಚದರ ಕಿಲೋಮೀಟರಿಗೆ ಹಿಗ್ಗಿತು. ಕಪ್ಪು ಸಮುದ್ರದ ದಂಡೆಯ ದಕ್ಷಿಣ ದೊಬ್ರುಜಾ ಎಂಬ ಪ್ರದೇಶವೂ ಅದರಲ್ಲಿ ಸೇರಿತ್ತು. 1913ರ ಬಾಲ್ಕನ್ ಯುದ್ಧದಲ್ಲಿ ಬಲ್ಗೇರಿಯದಿಂದ ಕಸಿದುಕೊಂಡ ಈ ನೆಲ ಮಹಾಯುದ್ಧದಲ್ಲಿ ಕೈತಪ್ಪಿ, 1919ರ ಒಪ್ಪಂದದಿಂದ ಮರಳಿ ದೊರಕಿತ್ತು. ಅಲ್ಲಿತ್ತು ಬಾಲ್ಚಿಕ್ ಎಂಬ ಪುಟ್ಟ ಬಂದರು.

ಸುಣ್ಣಕಲ್ಲಿನ ಬೆಳ್ಳನೆಯ ಗುಡ್ಡಗಳು ನೇರ ಸಮುದ್ರಕ್ಕೆ ಇಳಿಯುವ ಊರು ಅದು. ಗುಡ್ಡದ ಮೇಲೆ ಒಂದರ ಮೇಲೊಂದು ಕೂತಂತೆ ಮನೆಗಳು. ತುರ್ಕರು, ತಾತಾರರು, ಬಲ್ಗೇರಿಯನ್ನರು ಎಲ್ಲರೂ ಅಲ್ಲಿದ್ದರು. ಬುಕಾರೆಸ್ಟಿನ ಮೋಡ ಕವಿದ ಚಳಿಗಾಲ ಕಂಡವರಿಗೆ ಬಾಲ್ಚಿಕ್‌ನ ಬೆಳಕು ಹುಚ್ಚು ಹಿಡಿಸಿತು. ಎರಡು ಯುದ್ಧಗಳ ನಡುವಣ ವರ್ಷಗಳಲ್ಲಿ ಅಲ್ಲಿಗೆ ಹೋಗದ ರುಮೇನಿಯದ ಚಿತ್ರಕಾರರೇ ವಿರಳವೆನ್ನಬೇಕು. ತಾತಾರರ ಬದುಕನ್ನು ಬರೆದ ಇಯೋಸಿಫ್ ಇಸೆರ್, ನಿಕೊಲಾಯೆ ದರೆಸ್ಕು, ಫ್ರಾಂಚಿಸ್ಕ್ ಶಿರಾತೊ, ಶ್ತೆಫಾನ್ ದಿಮಿತ್ರೆಸ್ಕು, ನಿಕೊಲಾಯೆ ತೋನಿತ್ಸಾ ಎಲ್ಲರೂ ಹೋದರು. ರಾಜಮಾತೆಯೆನಿಸಿದ ಮೇರಿ ರಾಣಿಯೂ, ಆಕೆ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮೊಮ್ಮಗಳು, 1924ರ ಸುಮಾರಿಗೆ ಆ ಊರಿಗೆ ಮನಸೋತು ಸಮುದ್ರದ ಪಕ್ಕದಲ್ಲಿ ಒಂದು ಅರಮನೆ ಕಟ್ಟಿಸಿದಳು. ಕ್ರೈಸ್ತ ರಾಣಿಯ ಆ ಮನೆಗೆ ಮಸೀದಿಯಂಥ ಮಿನಾರೊಂದಿದೆ. ಅದಕ್ಕೆ ಆಕೆ ಇಟ್ಟ ಹೆಸರಿನ ಅರ್ಥ ಪ್ರಶಾಂತ ಗೂಡು ಎಂದು.

ತೋನಿತ್ಸಾನ ಬಾಲ್ಚಿಕ್ ಚಿತ್ರಗಳು 1930ರ ದಶಕದ ಮೊದಲ ವರ್ಷಗಳವು. ಕೆಂಪು ಹೆಂಚು, ಬಿಳಿ ಗೋಡೆ, ನೀಲಿ ನೀರು ಎಂದು ಲೆಕ್ಕ ಹಾಕಬಹುದಾದಷ್ಟು ಸರಳ. ನೆರಳಿಗೂ ಅವನಲ್ಲಿ ಬಣ್ಣವಿದೆ. ಈ ಚಿತ್ರಗಳ ಮುಂದೆ ನಿಂತವರಿಗೆ ಒಂದು ಸಂಗತಿ ಹೊಳೆಯದೆ ಇರದು: ಇದು ಚಿತ್ರಕಾರನ ಹುಟ್ಟೂರಲ್ಲ, ಬೇಸಗೆಗೆ ಬಂದುಹೋಗುವ ಅತಿಥಿಯ ಊರು. ಅತಿಥಿಯ ಪ್ರೀತಿಗೆ ಒಂದು ಸೌಕರ್ಯವಿದೆ. ಅಲ್ಲಿ ಬಡತನವೂ ಬಣ್ಣವಾಗಿ ಕಾಣುತ್ತದೆ. ಬಾಲ್ಚಿಕ್‌ನ ಬಲ್ಗೇರಿಯನ್ ನಿವಾಸಿಗೆ ಅದೇ ವರ್ಷಗಳು ಪರರ ಆಳ್ವಿಕೆಯ ವರ್ಷಗಳೆಂಬುದನ್ನೂ ನಾವು ಮರೆಯಬಾರದು. ಒಂದೇ ಊರು ಇಬ್ಬರ ಕಣ್ಣಿನಲ್ಲಿ ಎರಡಾಗಿರುತ್ತದೆ.

1940 ಬಂದಿತು. ಆ ವರ್ಷದ ಜೂನ್ ತಿಂಗಳಲ್ಲಿ ಬೆಸ್ಸರಾಬಿಯ ಮತ್ತು ಉತ್ತರ ಬುಕೊವಿನ ಸೋವಿಯೆತ್ ಒಕ್ಕೂಟಕ್ಕೆ ಹೋದವು. ಆಗಸ್ಟ್ 30ರಂದು ಹಿಟ್ಲರ್ ಮತ್ತು ಮುಸೊಲಿನಿಯರ ತೀರ್ಪಿನಂತೆ ಉತ್ತರ ಟ್ರಾನ್ಸಿಲ್ವೇನಿಯ ಹಂಗೇರಿಗೆ ಹೋಯಿತು. ಸೆಪ್ಟೆಂಬರ್ 7ರಂದು ಕ್ರಯೋವಾ ನಗರದಲ್ಲಿ ಆದ ಒಪ್ಪಂದದಿಂದ ದಕ್ಷಿಣ ದೊಬ್ರುಜಾ ಬಲ್ಗೇರಿಯಕ್ಕೆ ಮರಳಿತು. ಒಂದೇ ಬೇಸಗೆಯಲ್ಲಿ ದೇಶ ತನ್ನ ನೆಲದ ಸುಮಾರು ಮೂರನೆಯ ಒಂದು ಭಾಗವನ್ನು ಕಳೆದುಕೊಂಡಿತು. ಕ್ರಯೋವಾ ಒಪ್ಪಂದದಲ್ಲಿ ಜನರ ವಿನಿಮಯವೂ ಸೇರಿತ್ತು: ದಕ್ಷಿಣದಿಂದ ಸುಮಾರು ಒಂದು ಲಕ್ಷ ರುಮೇನಿಯನ್ನರು ಉತ್ತರಕ್ಕೆ, ಉತ್ತರದಿಂದ ಅರುವತ್ತು ಸಾವಿರಕ್ಕೂ ಹೆಚ್ಚು ಬಲ್ಗೇರಿಯನ್ನರು ದಕ್ಷಿಣಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಗಾಡಿಯಲ್ಲಿ ಹಿಡಿಸಿದಷ್ಟೇ ಸಂಸಾರ.

ತೋನಿತ್ಸಾ ಇದನ್ನು ಕಾಣಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಆತ ತೀರಿಕೊಂಡಿದ್ದ. ಮೇರಿ ರಾಣಿ 1938ರಲ್ಲೇ ಸತ್ತಿದ್ದಳು. ಆದರೆ ಆಕೆಯ ಹೃದಯವನ್ನು, ಆಕೆಯ ಇಚ್ಛೆಯಂತೆ, ಬಾಲ್ಚಿಕ್‌ನ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಇಡಲಾಗಿತ್ತು. ಊರು ಕೈಬಿಟ್ಟಾಗ ಆ ಹೃದಯದ ಪೆಟ್ಟಿಗೆಯನ್ನೂ ಎತ್ತಿಕೊಂಡು ಟ್ರಾನ್ಸಿಲ್ವೇನಿಯದ ಬ್ರಾನ್ ಕೋಟೆಗೆ ತರಬೇಕಾಯಿತು. ಮುಂದೆ ಅದು ಬುಕಾರೆಸ್ಟಿನ ವಸ್ತುಸಂಗ್ರಹಾಲಯದಲ್ಲಿ ದಶಕಗಳ ಕಾಲ ಇದ್ದು, 2015ರಲ್ಲಿ ಸಿನಾಯಾದ ಪೆಲಿಶೋರ್ ಅರಮನೆಯಲ್ಲಿ ನೆಲೆ ಕಂಡಿತು. ಸತ್ತ ರಾಣಿಯೂ ನಿರಾಶ್ರಿತಳಾದಳೆಂದರೆ ಬದುಕಿದ್ದ ಬಡವರ ಪಾಡೇನು!

ಹೀಗೆ 1940ರ ನಂತರ ರುಮೇನಿಯದ ಮನೆಗಳಲ್ಲಿ, ಸಂಗ್ರಹಾಲಯಗಳಲ್ಲಿ ಇದ್ದ ಬಾಲ್ಚಿಕ್ ಚಿತ್ರಗಳ ಅರ್ಥವೇ ಬದಲಾಯಿತು. ನಿನ್ನೆಯವರೆಗೆ ಅವು ಬೇಸಗೆ ರಜೆಯ ನೆನಪು. ಇಂದು ಅವು ಮರಳಿ ಹೋಗಲಾಗದ ಊರಿನ ಗುರುತು. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. 1947ರ ಪ್ಯಾರಿಸ್ ಶಾಂತಿ ಒಪ್ಪಂದವೂ ಆ ಗಡಿಯನ್ನು ಹಾಗೆಯೇ ಉಳಿಸಿತು. ಎರಡನೆಯ ಮಹಾಯುದ್ಧದ ಕಾಲದ ಬಹುತೇಕ ಗಡಿಗಳು ಅಳಿಸಿಹೋದರೂ ಇದು ನಿಂತಿತು.

ಇದಕ್ಕೆ ಎದುರಾಗಿ ಉತ್ತರದ ಬಾಯಾ ಮಾರೆ ಎಂಬ ಊರನ್ನು ನೋಡಬಹುದು. ಗಣಿಗಳಿಗೆ ಹೆಸರಾದ ಈ ಊರಿಗೆ 1896ರಲ್ಲಿ ಶಿಮೋನ್ ಹೊಲ್ಲೋಶಿ ಎಂಬ ಹಂಗೇರಿಯನ್ ಕಲಾವಿದ ಮ್ಯೂನಿಕ್‌ನಿಂದ ತನ್ನ ಶಿಷ್ಯರನ್ನು ಕರೆತಂದು ಬಯಲಿನಲ್ಲಿ ಚಿತ್ರ ಬರೆಯುವ ಶಾಲೆ ತೆರೆದ. ಆಗ ಅದು ಆಸ್ಟ್ರಿಯ-ಹಂಗೇರಿಯ ಊರು. 1918ರ ನಂತರ ರುಮೇನಿಯದ್ದು. 1940ರಿಂದ 1944ರವರೆಗೆ ಮತ್ತೆ ಹಂಗೇರಿಯದ್ದು. ಆಮೇಲೆ ಪುನಃ ರುಮೇನಿಯದ್ದು. ಅಲ್ಲಿ ನೆಲೆ ನಿಂತ ಜಿಫೆರ್ (1880–1962) ಎಂಬ ಚಿತ್ರಕಾರ ಅದೇ ಬೀದಿಗಳನ್ನು, ಅದೇ ಬೆಟ್ಟವನ್ನು, ಅದೇ ಹಿಮವನ್ನು ಬರೆಯುತ್ತಲೇ ಹೋದ. ಕಚೇರಿಯ ಮೇಲಿನ ಬಾವುಟ ಬದಲಾಗುತ್ತಿತ್ತು, ಬೆಟ್ಟ ಬದಲಾಗಲಿಲ್ಲ. ಬಾಲ್ಚಿಕ್‌ನವರು ಊರನ್ನು ಬಿಟ್ಟು ಬಂದರು; ಬಾಯಾ ಮಾರೆಯವರು ಕೂತಲ್ಲೇ ದೇಶ ಬದಲಾಯಿಸಿದರು. ಯಾವುದು ಹೆಚ್ಚು ಕಷ್ಟವೆಂದು ಹೇಳುವುದು ಸುಲಭವಲ್ಲ.

ಯುದ್ಧ ಮುಗಿಯಿತು. 1947ರ ಡಿಸೆಂಬರ್ 30ರಂದು ರಾಜ ಮಿಹಾಯ್ ಸಿಂಹಾಸನ ಬಿಡಬೇಕಾಯಿತು; ರುಮೇನಿಯ ಜನತಾ ಗಣರಾಜ್ಯವೆಂದು ಘೋಷಿತವಾಯಿತು. 1948ರ ಜನವರಿಯಲ್ಲೇ ಪಕ್ಷದ ಮುಖಪತ್ರಿಕೆ 'ಸ್ಕಿಂತೆಯಾ', ದೇಶದ ಹಿರಿಯ ಕವಿ ತುದೋರ್ ಅರ್ಗೇಜಿಯ ಮೇಲೆ ಕಠೋರವಾದ ಲೇಖನಮಾಲೆ ಪ್ರಕಟಿಸಿತು. ಅದು ಒಬ್ಬ ಕವಿಗೆ ಬರೆದದ್ದಾದರೂ ಎಲ್ಲ ಕಲಾವಿದರಿಗೂ ತಲುಪಿದ ನೋಟೀಸು. ಅದೇ ವರ್ಷ ಜೂನ್ 11ರಂದು ಕಾರಖಾನೆಗಳು, ಬ್ಯಾಂಕುಗಳು ರಾಷ್ಟ್ರೀಕರಣವಾದವು. ಚಿತ್ರ ಕೊಳ್ಳುತ್ತಿದ್ದ ಶ್ರೀಮಂತ ವರ್ಗ ಇಲ್ಲವಾಯಿತು. 1950ರಲ್ಲಿ ಕಲಾವಿದರ ಒಕ್ಕೂಟ ಸ್ಥಾಪನೆಯಾಯಿತು. ಇನ್ನು ಮುಂದೆ ಪ್ರದರ್ಶನ ಏರ್ಪಡಿಸುವುದು, ಚಿತ್ರ ಕೊಳ್ಳುವುದು, ಬಣ್ಣ ಮತ್ತು ಕ್ಯಾನ್ವಾಸು ಒದಗಿಸುವುದು ಎಲ್ಲವೂ ಹೆಚ್ಚಾಗಿ ಸರಕಾರದ ಕೈಗೆ ಬಂದಿತು.

ಸಮಾಜವಾದಿ ವಾಸ್ತವವಾದ ಎಂಬುದು ಆ ಕಾಲದ ಮಂತ್ರ. ಕಲೆ ಜನರಿಗೆ ತಿಳಿಯುವಂತಿರಬೇಕು, ದುಡಿಮೆಯನ್ನು ಕೊಂಡಾಡಬೇಕು, ನಾಳೆಯ ಬಗ್ಗೆ ಭರವಸೆ ತುಂಬಬೇಕು. ಮಾತಿನಲ್ಲಿ ಯಾರೂ ಒಪ್ಪಬಹುದಾದದ್ದೇ. ಆಚರಣೆಯಲ್ಲಿ ಹೊಲದ ಚಿತ್ರಕ್ಕೆ ಟ್ರ್ಯಾಕ್ಟರ್ ಬೇಕು, ಬೆಟ್ಟದ ಚಿತ್ರಕ್ಕೆ ವಿದ್ಯುತ್ ಕಂಬ ಬೇಕು, ನದಿಯ ಚಿತ್ರಕ್ಕೆ ಅಣೆಕಟ್ಟು ಬೇಕು ಎಂದಾಯಿತು. ಬಣ್ಣ ಮತ್ತು ಬೆಳಕಿಗಾಗಿಯೇ ಬರೆದ ಚಿತ್ರಕ್ಕೆ ರೂಪವಾದವೆಂಬ ಆರೋಪ ಅಂಟುತ್ತಿತ್ತು. ಬಣ್ಣಗಾರನೆಂದೇ ಖ್ಯಾತನಾದ ಅಲೆಕ್ಸಾಂದ್ರು ಚುಕುರೆಂಕು (1903–1977) ಕೂಡ 1949ರಲ್ಲಿ 1848ರ ಕ್ರಾಂತಿಯ ವೀರಮಹಿಳೆ ಆನಾ ಇಪಾತೆಸ್ಕುವಿನ ದೊಡ್ಡ ಚಿತ್ರ ಬರೆದ. ಅದರ ಜೊತೆಯಲ್ಲೇ ತನ್ನ ಇಷ್ಟದ ಹೂವುಗಳನ್ನೂ ನಿಸರ್ಗವನ್ನೂ ಬಿಡದೆ ಬರೆದ.

ಒಂದು ಖಾಲಿ ಹೊಲದ ಚಿತ್ರಕ್ಕೆ ಸರಕಾರ ಏಕೆ ಅಂಜಬೇಕು? 1949ರ ಮಾರ್ಚ್ ತಿಂಗಳಲ್ಲಿ ಕೃಷಿಯ ಸಾಮೂಹೀಕರಣ ಆರಂಭವಾಯಿತು ಎಂಬುದನ್ನು ನೆನೆದರೆ ಉತ್ತರ ದೊರೆಯುತ್ತದೆ. ರೈತರ ತುಂಡು ಹೊಲಗಳನ್ನು ಸೇರಿಸಿ ಸಾಮೂಹಿಕ ಬೇಸಾಯಕ್ಕೆ ತರುವ ಈ ಕೆಲಸ ಮುಗಿಯಿತೆಂದು ಸಾರಿದ್ದು 1962ರಲ್ಲಿ. ನಡುವಣ ಹದಿಮೂರು ವರ್ಷಗಳಲ್ಲಿ ಪ್ರತಿಭಟಿಸಿದ ಸಾವಿರಾರು ರೈತರು ಬಂಧನಕ್ಕೊಳಗಾದರು. ಬೇಲಿ ಹಾಕಿದ ಒಂದು ಪುಟ್ಟ ತೋಟ, ಒಡೆಯನ ಗುರುತಿರುವ ಒಂದು ಹಿಡುವಳಿ ಎಂದರೆ ಆಗ ಕಾನೂನಿನ ಪ್ರಶ್ನೆ. ಅದನ್ನು ಬರೆಯುವುದೂ ಒಂದು ಮಾತನ್ನು ಆಡಿದಂತೆಯೇ.

ಇಲ್ಲಿ ಲುಚಿಯಾನ್ ಗ್ರಿಗೊರೆಸ್ಕುವಿನ (1894–1965) ಪ್ರಸ್ತಾಪ ಮಾಡಬೇಕು. ಹಿಂದಿನ ಗ್ರಿಗೊರೆಸ್ಕುವಿಗಿಂತ ಈತ ಬೇರೆ. ದೊಬ್ರುಜಾದ ಮೆಜಿದಿಯಾ ಎಂಬ ಊರಿನಲ್ಲಿ ಹುಟ್ಟಿದ ಈತ ಹಲವು ವರ್ಷ ಫ್ರಾನ್ಸಿನ ದಕ್ಷಿಣ ಕರಾವಳಿಯ ಕಾಸೀ ಎಂಬ ಬಂದರಿನಲ್ಲಿದ್ದು ಬಿಸಿಲನ್ನು ಬರೆಯುವುದರಲ್ಲಿ ಪಳಗಿದ. ಯುದ್ಧದ ಹೊತ್ತಿಗೆ ದೇಶಕ್ಕೆ ಮರಳಿದ. ಹೊಸ ಆಡಳಿತದಲ್ಲೂ ಆತ ಬಹುಮಟ್ಟಿಗೆ ತನ್ನ ಬಿಸಿಲನ್ನೇ ಬರೆದ; ಗೌರವಗಳೂ ದೊರೆತವು. ಆದರೆ 1949ರಿಂದ 1953ರವರೆಗೆ ಆತನ ಹುಟ್ಟೂರಿನ ಸುತ್ತಮುತ್ತ ಡ್ಯಾನ್ಯೂಬ್ ನದಿಯನ್ನು ಕಪ್ಪು ಸಮುದ್ರಕ್ಕೆ ಕೂಡಿಸುವ ಕಾಲುವೆಯ ಅಗೆತ ನಡೆಯುತ್ತಿತ್ತು. ಅಲ್ಲಿ ಅಗೆಯುತ್ತಿದ್ದವರಲ್ಲಿ ಸಾವಿರಾರು ಜನ ರಾಜಕೀಯ ಕೈದಿಗಳು. ಸತ್ತವರೂ ಬಹಳ. ಪತ್ರಿಕೆಗಳಲ್ಲಿ ಆ ಕಾಲುವೆ ಹೊಸ ಯುಗದ ಕೀರ್ತಿ. ಅಧಿಕೃತ ಪ್ರದರ್ಶನಗಳ ಗೋಡೆಯ ಮೇಲೆ ಮುಳ್ಳುತಂತಿಗೆ ಜಾಗವಿರಲಿಲ್ಲ. 1953ರಲ್ಲಿ ಕೆಲಸ ನಿಂತು, ದಶಕಗಳ ನಂತರ ಮತ್ತೆ ಆರಂಭವಾಗಿ, 1984ರಲ್ಲಿ ಕಾಲುವೆ ತೆರೆಯಿತು.

ಬಿಸಿಲನ್ನು ಬರೆದ ಕಲಾವಿದ ಮುಳ್ಳುತಂತಿಯನ್ನು ಕಾಣಲಿಲ್ಲವೆಂದು ದೂರುವುದು ದೂರದಲ್ಲಿ ಕೂತ ನಮಗೆ ಸುಲಭ. ಟ್ರ್ಯಾಕ್ಟರ್ ಇಲ್ಲದ ಹೊಲ ಬರೆಯುವುದೇ ಒಂದು ಬಗೆಯ ನಿರಾಕರಣೆ ಎಂದು ಕೆಲವರು ಹೇಳಿಯಾರು. ಅದು ಕಣ್ಣು ಮುಚ್ಚಿಕೊಂಡ ಜಾಣತನ ಎಂದು ಬೇರೆಯವರು ಹೇಳಿಯಾರು. ನಮಗೆ ತೋರುವಂತೆ ಎರಡೂ ನಿಜ; ಮನುಷ್ಯನು ತನ್ನ ಕಣ್ಣನ್ನು ಉಳಿಸಿಕೊಳ್ಳಲು ಕೆಲವು ಕಡೆ ನೋಡದೆ ಇರುವುದುಂಟು. ಆ ಚಿತ್ರಗಳು ಚೆಲುವಾಗಿವೆ. ಅವು ಪೂರ್ತಿ ಸಾಕ್ಷಿ ಹೇಳುವುದಿಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವುದು ಒಳ್ಳೆಯದು.

ನೀರೂ ಕೆಲವು ದೃಶ್ಯಗಳನ್ನು ನುಂಗಿತು. ಪೂರ್ವ ಕಾರ್ಪಾಥಿಯನ್ ಬೆಟ್ಟಗಳ ನಡುವೆ ಬಿಸ್ತ್ರಿತ್ಸಾ ನದಿಗೆ ಅಡ್ಡಲಾಗಿ ಬಿಕಾಜ್ ಎಂಬಲ್ಲಿ 127 ಮೀಟರ್ ಎತ್ತರದ ಅಣೆಕಟ್ಟನ್ನು 1950 ಮತ್ತು 1960ರ ನಡುವೆ ಕಟ್ಟಿದರು. ಹಲವು ಹಳ್ಳಿಗಳು ಮುಳುಗಿದವು. ಜನ ಸಮಾಧಿಗಳನ್ನೂ ಬಿಟ್ಟು ಮೇಲೆ ಹತ್ತಿದರು. ಡ್ಯಾನ್ಯೂಬ್ ನಡುವೆ ತುರ್ಕಿ ಸಂಸಾರಗಳು ವಾಸಿಸುತ್ತಿದ್ದ ಆದಾ ಕಾಲೆ ಎಂಬ ದ್ವೀಪ, ಯುಗೊಸ್ಲಾವಿಯದೊಂದಿಗೆ ಸೇರಿ ಕಟ್ಟಿದ ಉಕ್ಕಿನ ದ್ವಾರ ಎಂಬ ಅಣೆಕಟ್ಟಿನಿಂದ 1970ರ ಸುಮಾರಿಗೆ ನೀರಿನ ಕೆಳಗೆ ಹೋಯಿತು. ಶರಾವತಿಯ ಮುಳುಗಡೆ ಕಂಡ ಮನೆತನದವರು ನಮ್ಮ ನಡುವೆಯೂ ಇದ್ದಾರೆ; ಅವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದೇಶಕ್ಕೆ ಬೆಳಕು ಬಂದದ್ದೂ ನಿಜ, ಊರು ಹೋದದ್ದೂ ನಿಜ.

ಈ ಎಲ್ಲ ಗದ್ದಲದ ನಡುವೆ ಬುಕಾರೆಸ್ಟಿನಲ್ಲಿ ಒಬ್ಬ ವೈದ್ಯನಿದ್ದ. ಹೆಸರು ಇಯೋನ್ ತ್ಸುಕುಲೆಸ್ಕು. 1910ರಲ್ಲಿ ಕ್ರಯೋವಾದಲ್ಲಿ ಹುಟ್ಟಿದವನು. ಮೂವತ್ತು ವರ್ಷಗಳ ನಂತರ ಬಾಲ್ಚಿಕ್‌ನ ಹಣೆಬರಹ ಬರೆದದ್ದು ಇದೇ ಕ್ರಯೋವಾದಲ್ಲಿ. ನಿಸರ್ಗವಿಜ್ಞಾನವನ್ನೂ ವೈದ್ಯವನ್ನೂ ಓದಿದ. ಯುದ್ಧದಲ್ಲಿ ಸೈನ್ಯದ ವೈದ್ಯನಾಗಿ ಪೂರ್ವ ರಣರಂಗಕ್ಕೆ ಹೋದ. ಆಮೇಲೆ ಜೀವವಿಜ್ಞಾನದ ಸಂಶೋಧಕನಾದ. ದೊಬ್ರುಜಾದ ಕರಾವಳಿಯಲ್ಲಿ ಟೆಕಿರ್ಗಿಯೋಲ್ ಎಂಬ ಉಪ್ಪುನೀರಿನ ಸರೋವರವಿದೆ. ಅದರ ಕಪ್ಪು ಕೆಸರನ್ನು ಮೈಗೆ ಬಳಿದುಕೊಂಡರೆ ಕೀಲುನೋವು ಹೋಗುತ್ತದೆಂದು ಜನ ಅಲ್ಲಿಗೆ ಹೋಗುತ್ತಾರೆ. ಆ ಕೆಸರು ಹೇಗೆ ಹುಟ್ಟುತ್ತದೆ, ಅದರಲ್ಲಿ ಯಾವ ಜೀವಿಗಳಿವೆ ಎಂಬುದನ್ನು ತ್ಸುಕುಲೆಸ್ಕು ಸೂಕ್ಷ್ಮದರ್ಶಕದಲ್ಲಿ ವರ್ಷಗಟ್ಟಲೆ ಪರಿಶೀಲಿಸಿದ. ಇತರರು ದಂಡೆಯ ಮೇಲೆ ಕೂತು ಬರೆಯುವ ನೀರನ್ನು ಈತ ಹನಿಹನಿಯಾಗಿ ಬಲ್ಲವನಾಗಿದ್ದ.

ಕಲಾಶಾಲೆಯ ಶಿಕ್ಷಣ ಪಡೆಯದೆಯೇ ಚಿತ್ರ ಬರೆಯುತ್ತಿದ್ದ ಆತ 1938ರಿಂದ 1947ರವರೆಗೆ ತನ್ನ ಪ್ರದರ್ಶನಗಳನ್ನು ನಡೆಸಿದ. ಮೊದಲಿಗೆ ಬರೆದದ್ದು ಗಾಳಿಗೆ ಬಾಗಿದ ಮರಗಳು, ಬೆಂಕಿಯಂಥ ಆಕಾಶ, ಹಳ್ಳಿಯ ದಾರಿಗಳು. 1947ರ ನಂತರ ಬದುಕಿರುವಷ್ಟು ಕಾಲ ಆತನ ಏಕವ್ಯಕ್ತಿ ಪ್ರದರ್ಶನ ಮತ್ತೆ ನಡೆಯಲಿಲ್ಲ. ಹಗಲು ಪ್ರಯೋಗಾಲಯದ ಕೆಲಸ. ಬಿಡುವಿನಲ್ಲಿ ಮನೆಯೊಳಗೆ ಚಿತ್ರ. ತನ್ನ ಓಲ್ತೇನಿಯ ಸೀಮೆಯ ಹೆಂಗಸರು ಮಗ್ಗದಲ್ಲಿ ನೇಯುವ ಜಮಖಾನೆಗಳ ಬಳ್ಳಿ, ಹಕ್ಕಿ, ಚೌಕುಳಿಗಳು ಚಿತ್ರದೊಳಕ್ಕೆ ಬಂದವು. ಮೆಲ್ಲಮೆಲ್ಲನೆ ಹೊಲ, ಮನೆ, ಮರ ಎಲ್ಲವೂ ನೇಯ್ದ ಗುರುತುಗಳಾದವು. ಕೊನೆಯ ವರ್ಷಗಳಲ್ಲಿ ಆ ಗುರುತುಗಳ ನಡುವೆ ಕಣ್ಣುಗಳು ತೆರೆದುಕೊಂಡವು. ಚಿತ್ರದ ನೆಲವೇ ನೋಡುವವರನ್ನು ತಿರುಗಿ ನೋಡುತ್ತದೆ.

ಟ್ರ್ಯಾಕ್ಟರಿನ ಕಾಲದಲ್ಲಿ ಇವನ್ನು ತೋರಿಸುವ ಪ್ರಶ್ನೆಯೇ ಇರಲಿಲ್ಲ. 1962ರಲ್ಲಿ, ಸಾಮೂಹೀಕರಣ ಮುಗಿಯಿತೆಂದು ಸಾರಿದ ವರ್ಷವೇ, ತ್ಸುಕುಲೆಸ್ಕು ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ. ಮೂರು ವರ್ಷಗಳಲ್ಲಿ ಕಾಲ ತಿರುಗಿತು. ರುಮೇನಿಯ ಮಾಸ್ಕೋದ ಹಿಡಿತದಿಂದ ಸ್ವಲ್ಪ ದೂರ ಸರಿದು, ಕಲೆಯ ಮೇಲಿನ ಬಿಗಿ ಸಡಿಲವಾಗಿತ್ತು. 1965ರಲ್ಲಿ ಬುಕಾರೆಸ್ಟಿನ ದಾಲೆಸ್ ಸಭಾಂಗಣದಲ್ಲಿ ಆತನ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಜನ ಬೆರಗಾದರು. 1966ರಲ್ಲಿ ವೆನಿಸ್ ನಗರದ ದ್ವೈವಾರ್ಷಿಕ ಕಲಾಮೇಳದಲ್ಲಿ ರುಮೇನಿಯದ ಹೆಸರಿನಲ್ಲಿ ಅವೇ ಚಿತ್ರಗಳು ತೂಗಿದವು. ಮನೆಯೊಳಗೆ ಗೋಡೆಗೆ ಒರಗಿಸಿ ಇಟ್ಟಿದ್ದವು ದೇಶದ ಮರ್ಯಾದೆಯಾದವು. ನೋಡಲು ಆತನೇ ಇರಲಿಲ್ಲ.

ಆ ಸಡಿಲವೂ ಬಹಳ ಕಾಲ ಉಳಿಯಲಿಲ್ಲ. 1971ರ ಜುಲೈ ತಿಂಗಳ ಪ್ರಕಟಣೆಯಿಂದ ಚೌಶೆಸ್ಕು ಮತ್ತೆ ಕಲೆಯ ಹಗ್ಗ ಬಿಗಿದ. 1988ರಲ್ಲಿ ದೇಶದ ಸುಮಾರು 13,000 ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ತೆಗೆದುಹಾಕುವ ಯೋಜನೆ ಸಾರಿದ. ಕೆಲವೇ ಹಳ್ಳಿಗಳು ನೆಲಸಮವಾಗುವಷ್ಟರಲ್ಲಿ 1989ರ ಡಿಸೆಂಬರಿನಲ್ಲಿ ಆತನ ಆಡಳಿತವೇ ಉರುಳಿತು. ಆ ದಿನಗಳ ಗುಂಡಿನ ಕಾಳಗದಲ್ಲಿ ಹಳೆಯ ಅರಮನೆಯಲ್ಲಿದ್ದ ರಾಷ್ಟ್ರೀಯ ಕಲಾ ಸಂಗ್ರಹಾಲಯಕ್ಕೂ ಬೆಂಕಿ ತಗಲಿ ನೂರಾರು ಕೃತಿಗಳು ಹಾಳಾದವು. ಸಂಗ್ರಹಾಲಯವನ್ನು ದುರಸ್ತಿ ಮಾಡಿ ಮತ್ತೆ ತೆರೆಯಲು ಹತ್ತು ವರ್ಷಗಳೇ ಬೇಕಾದವು. ಊರನ್ನು ಉಳಿಸುತ್ತದೆಂದು ನಾವು ನಂಬುವ ಚಿತ್ರವೂ ಒಂದು ಬಟ್ಟೆಯ ತುಂಡೇ. ಅದನ್ನೂ ಯಾರಾದರೂ ಉಳಿಸಬೇಕು.

ಅಂಥವರಲ್ಲಿ ಕ್ರಿಕೊರ್ ಜಂಬಾಕ್ಚಿಯಾನ್ ಎಂಬ ಬಟ್ಟೆ ವ್ಯಾಪಾರಿಯನ್ನು ನೆನೆಯಬೇಕು. ಕಪ್ಪು ಸಮುದ್ರದ ಕಾನ್‌ಸ್ತಾಂತ್ಸಾ ನಗರದಲ್ಲಿ ಅರ್ಮೇನಿಯನ್ ಸಂಸಾರದಲ್ಲಿ ಹುಟ್ಟಿದ ಈತ ಜೀವಮಾನವೆಲ್ಲ ಚಿತ್ರ ಕೊಂಡು ಕೂಡಿಸಿದ. 1947ರಲ್ಲಿ ಸಂಗ್ರಹವನ್ನು ದೇಶಕ್ಕೆ ಕೊಟ್ಟುಬಿಟ್ಟ. ಬುಕಾರೆಸ್ಟಿನ ಆತನ ಮನೆಯೇ ಇಂದು ಸಂಗ್ರಹಾಲಯ. ವಲಸೆ ಬಂದವರ ಮನೆಯ ಮಗನೊಬ್ಬ ನೆಲೆ ಕೊಟ್ಟ ನಾಡಿನ ಕಲೆಯನ್ನು ಕಾಪಾಡಿದ ಈ ಸಂಗತಿ ನಮ್ಮಂಥ ಸಂಘದವರಿಗೆ ಸಂತೋಷ ಕೊಡಬೇಕಾದದ್ದು.

ಕೊನೆಯದಾಗಿ ಮತ್ತೆ ಬಾಲ್ಚಿಕ್. 2007ರ ಜನವರಿ 1ರಂದು ರುಮೇನಿಯ ಮತ್ತು ಬಲ್ಗೇರಿಯ ಎರಡೂ ಒಟ್ಟಿಗೇ ಯುರೋಪಿಯನ್ ಒಕ್ಕೂಟಕ್ಕೆ ಸೇರಿದವು. 2025ರ ಜನವರಿ 1ರಿಂದ ಎರಡು ದೇಶಗಳ ನಡುವಣ ರಸ್ತೆಯ ತಪಾಸಣೆಯೂ ಇಲ್ಲವಾಯಿತು. ಬುಕಾರೆಸ್ಟಿನಲ್ಲಿ ಬೆಳಗ್ಗೆ ತೋನಿತ್ಸಾನ ಚಿತ್ರ ನೋಡಿದವರು ಕಾರು ಹತ್ತಿ ಸಂಜೆಯ ಹೊತ್ತಿಗೆ ಬಾಲ್ಚಿಕ್‌ನ ಗುಡ್ಡದ ಮೇಲೆ ನಿಲ್ಲಬಹುದು. ರಾಣಿಯ ಅರಮನೆಯ ಮಿನಾರು ಅಲ್ಲಿದೆ, ಬಿಳಿ ಗುಡ್ಡವಿದೆ, ಸಮುದ್ರವಿದೆ. ಊರು ಬಲ್ಗೇರಿಯದ್ದು, ಚಿತ್ರ ರುಮೇನಿಯದ್ದು, ಜಗಳ ಮುಗಿದಿದೆ. ಗಾಡಿ ಕಟ್ಟಿಕೊಂಡು ಹೊರಟ ಎರಡೂ ಕಡೆಯ ಜನರಲ್ಲಿ ಈ ದಿನವನ್ನು ಕಾಣಲು ಉಳಿದವರು ತೀರ ಕೆಲವರು.

ಚಿತ್ರವು ಊರನ್ನು ಮರಳಿ ಕೊಡಲಾರದು. ಇಲ್ಲೊಂದು ಊರಿತ್ತು, ಅದನ್ನು ಒಬ್ಬರು ಮನಸ್ಸಿಟ್ಟು ನೋಡಿದ್ದರು ಎಂದು ಮುಂದಿನವರಿಗೆ ಹೇಳಬಲ್ಲದು. ಮಕ್ಕಳು ಹಜಾರದ ಚಿತ್ರವನ್ನು ತೋರಿಸಿ ಇದೇನೆಂದು ಕೇಳಿದಾಗ ನೀರು, ಕಲ್ಲು, ಮರ ಎಂದು ಸುಮ್ಮನಾಗುವ ಬದಲು, ಆ ದಂಡೆಯಲ್ಲಿ ಯಾರು ಬಟ್ಟೆ ಒಗೆಯುತ್ತಿದ್ದರು, ಆ ಮರ ಈಗ ಉಂಟೋ ಇಲ್ಲವೋ, ನಾವು ಅಲ್ಲಿಂದ ಯಾವ ವರ್ಷ, ಏಕೆ ಹೊರಟು ಬಂದೆವು ಎಂಬುದನ್ನೂ ನಾವು ಹೇಳಬೇಕು. ಚಿತ್ರದಲ್ಲಿ ಬಾರದೆ ಹೋದದ್ದನ್ನು ಸೇರಿಸಿ ಹೇಳುವುದು ಮನೆಯ ಹಿರಿಯರ ಕೆಲಸ.